ಗೋಪುರ ಉಳಿಸಿದ ಅರ್ಧ ಬಕೆಟ್ ನೀರು

ಬೆಳಗಿನ ಐದು ಗಂಟೆ. ಚರ್ಚಿನ ಗಂಟೆಗೋಪುರದೊಳಗೆ ಇನ್ನೂ ಕತ್ತಲು. ಸುರುಳಿ ಮೆಟ್ಟಿಲಿನ ತುತ್ತತುದಿಯಲ್ಲಿ ಒಬ್ಬ ಹೆಂಗಸು ಗೋಡೆಯ ಗೂಡಿನಲ್ಲಿ ಟಾರ್ಚ್ ಇಟ್ಟು, ರವಿಕೆಯ ತೋಳು ಮೇಲೇರಿಸಿ, ಒಂದು ಚೊಂಬು ನೀರು ಸುರಿಯುತ್ತಾರೆ. ಕೂಡಲೇ ಉಜ್ಜುವುದಿಲ್ಲ. ನಿಂತು ನೀರನ್ನೇ ನೋಡುತ್ತಾರೆ. ಆಮೇಲೆ ಪೊರಕೆ, ಆಮೇಲೆ ಬಟ್ಟೆ. ಮುಂದಿನ ಮೆಟ್ಟಿಲು.

"ಹತ್ತೋದಾದ್ರೆ ಹತ್ತಿ, ಇಳಿಯೋದಾದ್ರೆ ಇಳೀರಿ. ನಡುವೆ ನಿಂತ್ರೆ ನಿಮ್ಮನ್ನೂ ಸೇರಿಸಿ ತೊಳೆದುಬಿಡ್ತೀನಿ," ಎನ್ನುತ್ತಾರೆ, ನನ್ನತ್ತ ತಿರುಗದೆ.

ಇವರನ್ನು ಎಲ್ಲರೂ ಮೆಟ್ಟಿಲಮ್ಮ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತನಾಲ್ಕು. ಇಪ್ಪತ್ತಾರು ವರ್ಷಗಳಿಂದ ಈ ನೂರಹನ್ನೆರಡು ಮೆಟ್ಟಿಲುಗಳನ್ನು ತೊಳೆಯುತ್ತಿದ್ದಾರೆ. ಪಾರಿವಾಳಗಳಿಗೆ ರಜೆ ಇಲ್ಲ, ಹಾಗಾಗಿ ಇವರಿಗೂ ಇಲ್ಲ. ನಲ್ಲಿ ಇರುವುದು ಕೆಳಗೆ ಅಂಗಳದಲ್ಲಿ. ಒಂದು ಸಲಕ್ಕೆ ಅರ್ಧ ಬಕೆಟ್, ದಿನಕ್ಕೆ ನಾಲ್ಕು ಸಲ. ನಾನೂರನಲವತ್ತೆಂಟು ಮೆಟ್ಟಿಲು ಹತ್ತಬೇಕು, ಅಷ್ಟನ್ನೇ ಇಳಿಯಬೇಕು.

ಅರ್ಧ ಬಕೆಟ್ ಯಾಕೆ ಎಂದು ಕೇಳುತ್ತೇನೆ.

"ತುಂಬಿಸಿದ್ರೆ ತಿರುವಿನಲ್ಲಿ ಅರ್ಧ ಚೆಲ್ಲುತ್ತೆ. ಚೆಲ್ಲೋ ನೀರನ್ನ ಯಾಕೆ ಹೊರಬೇಕು?"

ಮುನ್ನೂರು ವರ್ಷ ದಾಟಿದ ಚರ್ಚು ಇದು. ಗೋಡೆಗಳ ದಪ್ಪ ಒಂದಾಳು ಉದ್ದ. ನಡುವೆ ಒಂದೂ ಕಂಬವಿಲ್ಲದೆ, ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕೂರಿಸಿ ಕಟ್ಟಿದ ಕಮಾನು ಚಾವಣಿ. ಹಿಂಬದಿಯ ದುಂಡು ಕಿಟಕಿಯಿಂದ ಬರುವ ಬೆಳಕು ಬೆಳಗಿನ ಪೂಜೆಯ ಹೊತ್ತಿಗೆ ಸರಿಯಾಗಿ ಬಲಿಪೀಠದ ಮೇಲೆ ಬೀಳುತ್ತದೆ. ಎಡಗಡೆ ಗಂಟೆಗೋಪುರ, ನಾಲ್ಕು ಅಂತಸ್ತು. ಅದರ ಕೆಲಸ ಅರ್ಧಕ್ಕೆ ಬಂದಾಗ ಊರಿಗೆ ಜ್ವರ ಬಂತು, ಕೆಲಸಗಾರರು ಓಡಿಹೋದರು, ಒಂಬತ್ತು ವರ್ಷ ಕಟ್ಟಡ ಹಾಗೇ ನಿಂತಿತು ಎಂದು ಚರ್ಚಿನವರು ಹಂಚುವ ಪುಸ್ತಿಕೆ ಹೇಳುತ್ತದೆ. ಬಂದವರು ಕಿಟಕಿಯ ಫೋಟೋ ಹಿಡಿಯುತ್ತಾರೆ, ಬಲಿಪೀಠದ ಫೋಟೋ ಹಿಡಿಯುತ್ತಾರೆ. ಮೆಟ್ಟಿಲು ಯಾರಿಗೆ ಬೇಕು?

ಕಳೆದ ವರ್ಷ ಗೋಪುರದ ಹೊರಗೋಡೆಯಲ್ಲಿ ಬಿರುಕು ಕಾಣಿಸಿತು. ಇಂಜಿನಿಯರ್ ಬಂದರು. ಮಾರುಕಟ್ಟೆಯ ಬೀದಿಯಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿ ಅಳೆದರು. ಗೋಪುರ ಮಾರುಕಟ್ಟೆಯ ಕಡೆಗೆ ಒಂದೂವರೆ ಗೇಣು ವಾಲಿದೆ, ಯಾವತ್ತಾದರೂ ಬೀಳಬಹುದು, ಮೇಲಿನ ಎರಡು ಅಂತಸ್ತು ಕಳಚಬೇಕು, ಗಂಟೆಯನ್ನು ಅಂಗಳಕ್ಕೆ ಇಳಿಸಬೇಕು ಎಂದು ವರದಿ ಕೊಟ್ಟರು. ಮುನ್ನೂರು ವರ್ಷ ನಿಂತದ್ದನ್ನು ಮೂರು ಪುಟದಲ್ಲಿ ಕೆಡವಲು ಹೊರಟರು. ಒಬ್ಬನಾದರೂ ಒಳಗೆ ಹೋಗಿ ಮೆಟ್ಟಿಲು ಹತ್ತಿದನೇ? ಇಲ್ಲ. ಚರ್ಚಿನ ಸಮಿತಿಯವರು ಚಹಾ ಕುಡಿದು ಸಹಿ ಹಾಕಿದರು. ಕಳಚುವ ಕೆಲಸಕ್ಕೆ ಗೋಪುರದ ಸುತ್ತ ಬಿದಿರಿನ ಸಾರುವೆ ಕಟ್ಟಿದ್ದೂ ಆಯಿತು.

ಮೆಟ್ಟಿಲಮ್ಮ ಕೈ ಒರೆಸಿಕೊಂಡು ನೇರ ಸಮಿತಿಯ ಸಭೆಗೆ ಹೋದರು.

"ಗೋಪುರ ವಾಲಿದೆ, ನಿಜ. ಆದ್ರೆ ವಾಲ್ತಾ ಇಲ್ಲ," ಎಂದರು.

ಸಮಿತಿಯ ಅಧ್ಯಕ್ಷರು ನಕ್ಕರು. "ಪೊರಕೆ ಹಿಡಿಯೋರೆಲ್ಲ ಇಂಜಿನಿಯರಾದ್ರೆ ನಾವೇನು ಕಸ ಗುಡಿಸೋದಾ?"

"ಗುಡಿಸಿ ನೋಡಿ ಸಾರ್. ಮೈಗೂ ಒಳ್ಳೇದು, ತಲೆಗೂ ಒಳ್ಳೇದು."

ಫಾದರ್ ಮಾತ್ರ ನಗಲಿಲ್ಲ. ಆದರೆ ಸಹಿ ಬಿದ್ದಾಗಿತ್ತು.

ಮೆಟ್ಟಿಲಮ್ಮನಿಗೆ ಇದು ಹೇಗೆ ಗೊತ್ತು? ಇವರಿಗಿಂತ ಮೊದಲು ಈ ಮೆಟ್ಟಿಲು ತೊಳೆಯುತ್ತಿದ್ದವರು ಇವರ ಅತ್ತೆ. ಸೊಸೆಯನ್ನು ಮೊದಲ ದಿನ ಕರೆತಂದಾಗ ಅವರು ಹೇಳಿದ್ದು ಒಂದೇ ಮಾತು. "ನೀರು ಚೆಲ್ಲಿ ಓಡ್ಬೇಡ. ನಿಂತು ನೋಡು. ನೀರು ಎಲ್ಲಿ ನಿಲ್ಲುತ್ತೋ ಅಲ್ಲಿ ಗಂಟೆ ಹೊಡೆಯೋನು ಜಾರಿ ಬೀಳ್ತಾನೆ."

ಅವತ್ತಿನಿಂದ ನೋಡುತ್ತಲೇ ಇದ್ದಾರೆ. ಕೆಳಗಿನ ಅರವತ್ತನಾಲ್ಕು ಮೆಟ್ಟಿಲುಗಳಿಗೆ ಒರೆಸುವ ಬಟ್ಟೆಯೇ ಬೇಡ. ಸುರುಳಿ ಎತ್ತ ತಿರುಗಿದರೂ ನೀರು ಮಾರುಕಟ್ಟೆಯ ಕಡೆಗೇ ಓಡುತ್ತದೆ. ಒಂದು ತಿರುವಿನಲ್ಲಿ ಗೋಡೆಗೆ, ಇನ್ನೊಂದರಲ್ಲಿ ಮೆಟ್ಟಿಲು ಸುತ್ತುವ ನಡುಗಂಬಕ್ಕೆ. ಅರವತ್ತೈದನೆಯದರಿಂದ ಮೇಲೆ ಹಾಗಲ್ಲ. ಸುರಿದ ನೀರು ತಟ್ಟೆಯಲ್ಲಿದ್ದ ಹಾಗೆ ನಿಲ್ಲುತ್ತದೆ. ಆ ನಲವತ್ತೆಂಟನ್ನೂ ಒಂದೊಂದಾಗಿ ಒರೆಸಲೇಬೇಕು. ಇಪ್ಪತ್ತಾರು ವರ್ಷದಲ್ಲಿ ನೀರು ಒಂದು ದಿನವೂ ದಾರಿ ಬದಲಿಸಿಲ್ಲ.

ಸಭೆಯಾದ ಮರುವಾರ ಇಂಜಿನಿಯರ್ ಮತ್ತೆ ಬಂದರು. ಕಳಚಬೇಕಾದ ಕಲ್ಲುಗಳಿಗೆ ಒಳಗಿನಿಂದಲೂ ನಂಬರ್ ಬರೆಯಬೇಕಿತ್ತು. ಸಾಹೇಬರು ಮೊದಲ ಸಲ ಮೆಟ್ಟಿಲು ಹತ್ತಿದರು. ಮೇಲಿಂದ ನೀರು ಬಂತು.

"ಏನಮ್ಮಾ ಇದು! ಸ್ವಲ್ಪ ನಿಲ್ಸಿ!"

"ಶೂ ಬಿಚ್ಚಿ ಸಾರ್. ಇಷ್ಟು ದೂರ ಬಂದಿದ್ದೀರಿ, ಒಂದು ಚೊಂಬು ನೀರು ಎತ್ತ ಹೋಗುತ್ತೆ ಅಂತ ನೋಡ್ಕೊಂಡು ಹೋಗಿ."

ಆತ ಶೂ ಬಿಚ್ಚಿದರು. ಇಲ್ಲಿ ಆತನನ್ನು ಮೆಚ್ಚಲೇಬೇಕು. ಓದಿದವರು ಅಷ್ಟು ಸುಲಭಕ್ಕೆ ಶೂ ಬಿಚ್ಚುವುದಿಲ್ಲ. ಕೆಳಗೆ ನೀರು ಓಡುವುದನ್ನು ನೋಡಿದರು, ಮೇಲೆ ನಿಲ್ಲುವುದನ್ನು ನೋಡಿದರು.

"ಮೆಟ್ಟಿಲು ಸವೆದು ಗುಳಿ ಬಿದ್ದಿದೆ ಅಮ್ಮಾ. ಅದಕ್ಕೇ ನಿಲ್ಲುತ್ತೆ."

"ಸವೆದಿರೋದು ನಡುವೆ. ನಾನು ತೋರಿಸ್ತಿರೋದು ಗೋಡೆಯ ಮೂಲೆ. ಅಲ್ಲಿ ಮುನ್ನೂರು ವರ್ಷದಿಂದ ಯಾರೂ ಕಾಲಿಟ್ಟಿಲ್ಲ, ನಾನೊಬ್ಬಳು ಕೈಯಿಟ್ಟಿದ್ದೀನಿ ಅಷ್ಟೆ."

ಇಂಜಿನಿಯರ್ ಚೀಲದಿಂದ ಮಟ್ಟ ನೋಡುವ ಪಟ್ಟಿ ತೆಗೆದರು. ಮೂಲೆಗಳಲ್ಲಿ ಇಟ್ಟು ನೋಡಿದರು. ಅರವತ್ತನಾಲ್ಕರವರೆಗೆ ಗಾಜಿನೊಳಗಿನ ಗುಳ್ಳೆ ಒಂದು ಬದಿಗೆ ಸರಿಯಿತು. ಅರವತ್ತೈದರಲ್ಲಿ ನಡುವಿಗೆ ಬಂದು ಕೂತಿತು, ಕೊನೆಯವರೆಗೂ ಅಲ್ಲೇ. ಮೆಟ್ಟಿಲಮ್ಮ ಬಟ್ಟೆ ಹಿಂಡುತ್ತಾ, ಅದೇ ಎತ್ತರದಲ್ಲಿ ಗೋಡೆ ಉಜ್ಜುವಾಗ ಒಂದು ಏಣು ಕೈಗೆ ಸಿಗುತ್ತದೆ ಎಂದೂ ತೋರಿಸಿದರು. ಅಲ್ಲಿ ಸುಣ್ಣ ಕೆರೆದರೆ ಒಳಗೆ ಒಂದು ಸಾಲು ಕಲ್ಲು. ಮಾರುಕಟ್ಟೆಯ ಕಡೆ ಗೇಣು ದಪ್ಪ, ಎದುರು ಕಡೆ ನಾಲ್ಕೇ ಬೆರಳು. ವಾಲಿದ್ದನ್ನು ಮಟ್ಟಕ್ಕೆ ತರಲು ಹಳೆಯ ಮೇಸ್ತ್ರಿಗಳು ಕೆತ್ತಿ ಕೂರಿಸಿದ ಸಾಲು!

ಮೂರು ಗಂಟೆ ಕಳೆದು ಕೆಳಗಿಳಿದ ಇಂಜಿನಿಯರ್ ಫಾದರ್ ಮುಂದೆ ಹೇಳಿದ್ದಿಷ್ಟು. "ಗೋಪುರ ಈಗ ವಾಲ್ತಾ ಇದ್ರೆ ಮೇಲಿನ ಮೆಟ್ಟಿಲೂ ಜೊತೆಗೇ ವಾಲ್ಬೇಕಿತ್ತು. ವಾಲಿಲ್ಲ. ಅರ್ಧ ಕಟ್ಟಿದಾಗಲೇ ನೆಲ ಕುಸಿದು ವಾಲಿದೆ. ಅವ್ರು ಕೆಲಸ ನಿಲ್ಸಿ, ನೆಲ ಗಟ್ಟಿಯಾಗೋವರೆಗೂ ಕಾದು, ಸರಿ ಮಾಡ್ಕೊಂಡು ಮೇಲೆ ಕಟ್ಟಿದ್ದಾರೆ. ಆಮೇಲೆ ಇದು ಅಲ್ಲಾಡೇ ಇಲ್ಲ. ನನ್ನ ವರದಿ ತಪ್ಪು."

ಜ್ವರ ಬಂದಿತ್ತೋ ಇಲ್ಲವೋ, ಆ ಒಂಬತ್ತು ವರ್ಷ ಮೇಸ್ತ್ರಿಗಳು ಓಡಿಹೋಗಿರಲಿಲ್ಲ. ಕಾಯುತ್ತಿದ್ದರು.

ಆದರೂ ಬಿರುಕಿನ ಮೇಲೆ ಗಾಜಿನ ಪಟ್ಟಿಗಳನ್ನು ಅಂಟಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಎಂಟು ತಿಂಗಳು ಕಾದರು. ಒಂದೂ ಒಡೆಯಲಿಲ್ಲ. ಬಿರುಕು ಬಿಟ್ಟಿದ್ದು ಮೇಲ್ಗಾರೆ ಮಾತ್ರ. ಸಾರುವೆ ಬಿಚ್ಚಿದ ಭಾನುವಾರ ಬೀದಿ ತುಂಬ ಜನ. ಫಾದರ್ ಮೊದಲ ಗಂಟೆ ಹೊಡೆಯಲು ಮೆಟ್ಟಿಲಮ್ಮನನ್ನೇ ಕರೆದರು. ಮಾರುಕಟ್ಟೆಯವರು ಅಂಗಡಿ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು, ಎಲ್ಲರಿಗಿಂತ ಜೋರಾಗಿ.

ಮೆಟ್ಟಿಲಮ್ಮನ ಗಂಡ ಟೇಲರ್. ಮಾರುಕಟ್ಟೆಯಲ್ಲಿ ಗೋಪುರದ ನೆರಳು ಬೀಳುವ ಜಾಗದಲ್ಲೇ ಅಂಗಡಿ. "ಎಲ್ರೂ ಜಾಗ ಖಾಲಿ ಮಾಡು ಅಂದ್ರು. ಇವಳು ಮಾತ್ರ ಬೀಳಲ್ಲ, ಹೊಲಿಗೆ ಹಾಕ್ತಾ ಕೂತಿರಿ ಅಂದ್ಳು. ಗೋಪುರಕ್ಕಿಂತ ಇವಳಿಗೇ ನಾನು ಜಾಸ್ತಿ ಹೆದರೋದು, ಕೂತೆ," ಎಂದು ನಗುತ್ತಾರೆ.

ಗೋಪುರದ ಬಾಗಿಲಲ್ಲಿ ಈಗ ಹೊಸ ಕಲ್ಲಿದೆ. ಅಧ್ಯಕ್ಷರ ಹೆಸರಿದೆ, ಸಮಿತಿಯ ಹನ್ನೊಂದು ಜನರ ಹೆಸರಿದೆ. ಹುಡುಕಿದರೂ ಮೆಟ್ಟಿಲಮ್ಮನ ಹೆಸರಿಲ್ಲ. ನನ್ನ ಮೈ ಉರಿಯುತ್ತದೆ. ಇವರಿಗೆ ನಗು. "ಬಿಡಿ, ಇನ್ನೊಂದು ಹೆಸರು ಕೆತ್ತಿದ್ರೆ ಆ ಗುಳಿಯ ಧೂಳನ್ನೂ ನಾನೇ ತೆಗೀಬೇಕು."

ಮೇಲಕ್ಕೆ ನಲ್ಲಿ ಹಾಕಿಸಿಕೊಡುತ್ತೇವೆ ಎಂದು ಸಮಿತಿ ಹೇಳಿತಂತೆ. ಇವರೇ ಬೇಡವೆಂದರು. "ಪೈಪು ಸೋರಿದ್ರೆ ಗೋಡೆಗೆ ಕೇಡು. ನೀರು ನಾನು ಹೊರ್ತೀನಿ." ಇಂಜಿನಿಯರ್ ಈಗ ತಿಂಗಳಿಗೊಮ್ಮೆ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆತರುತ್ತಾರೆ. ಅವರೆಲ್ಲ ಅರವತ್ತೈದನೆಯ ಮೆಟ್ಟಿಲಿನ ಸುತ್ತ ಬರಿಗಾಲಲ್ಲಿ ನಿಲ್ಲುತ್ತಾರೆ. ಮೆಟ್ಟಿಲಮ್ಮ ಚೊಂಬು ಎತ್ತುತ್ತಾರೆ.

ಬೆಳಕಾಗುತ್ತಿದೆ. ಕೊನೆಯ ಮೆಟ್ಟಿಲು ತೊಳೆದಾಯಿತು. ಮೇಲೆ ಗಂಟೆ ಮೊಳಗುತ್ತದೆ, ಕೈಯಿಟ್ಟ ಗೋಡೆ ಸಣ್ಣಗೆ ನಡುಗುತ್ತದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ.

"ನನ್ನ ಮೊಣಕಾಲು ಇನ್ನೊಂದು ಐದಾರು ವರ್ಷ ಓಡಬಹುದು. ಆಮೇಲೆ ಯಾರು ಬರ್ತಾಳೋ ಗೊತ್ತಿಲ್ಲ. ಯಾರೇ ಬರ್ಲಿ, ಮೊದಲನೇ ದಿನ ಅವಳ ಜೊತೆ ನಾನು ಹತ್ತಬೇಕು. ನೀರು ಚೆಲ್ಲಿ ಓಡ್ಬೇಡ ಕಣೇ, ನಿಂತು ನೋಡು ಅಂತ ಹೇಳ್ಬೇಕು. ಅಷ್ಟೇ."