ಸೌಟು ಹಿಡಿದು ಕಾಯುತ್ತಿದ್ದ ಅವ್ವ

ನಿನ್ನೆ ಎಸ್.ಎಸ್. ಬಡಾವಣೆಯ ಒಂದು ಮದುವೆಯಲ್ಲಿ ಅಣ್ಣನ ಪಕ್ಕ ಊಟಕ್ಕೆ ಕೂತಿದ್ದೆ. ಬಡಿಸುವ ಹುಡುಗ ಅಣ್ಣನನ್ನು "ಅನ್ನ ಹಾಕ್ಲೇನ್ರಿ?" ಎಂದು ಕೇಳಿದ. ಬಿಸಿ ಅನ್ನದ ಹಬೆ ಮುಖಕ್ಕೆ ಬಡಿದದ್ದೇ ತಡ, ನಮ್ಮ ಹಳೆಯ ಅಡುಗೆಮನೆ ಕಣ್ಣ ಮುಂದೆ ಬಂತು.

ಅಣ್ಣನಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಸೋಮವಾರ ಬಂತೆಂದರೆ ಅವ್ವ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಗುಡಿ ಸುತ್ತಿ ಬರುತ್ತಿದ್ದಳು. ಅಲ್ಲಿಯವರೆಗೆ ಹನಿ ನೀರೂ ಕುಡಿಯುತ್ತಿರಲಿಲ್ಲ. ಮೈಮೇಲೆಯೇ ಒಣಗಿದ ಆ ಸೀರೆಯಿಂದ ಹೊಳೆಯ ವಾಸನೆ ಬರುತ್ತಿತ್ತು. ಬಂದವಳೇ ಅಣ್ಣನ ಗಂಟಲಿಗೆ ವಿಭೂತಿ ಹಚ್ಚಿ ಊಟಕ್ಕೆ ಕೂರಿಸುತ್ತಿದ್ದಳು.

"ಅನ್ನ ಹಾಕ್ಲೇನಪ್ಪ?" ಎಂದು ಕೇಳಿ, ಸೌಟು ಹಿಡಿದು ಕಾಯುತ್ತಿದ್ದಳು. ನಮ್ಮ ತಟ್ಟೆಯ ಅನ್ನ ಆರುತ್ತಿತ್ತು. ನಾನು "ಹಾಕವ್ವಾ, ಅವನಿಗೆ ಹಸಿವಾಗೈತೆ" ಎಂದರೆ ಗದರುತ್ತಿದ್ದಳು.

ಒಂದು ದಿನ ಅಪ್ಪ ತಡೆಯಲಾರದೆ, "ಅವ ಹೇಳಂಗಿಲ್ಲ ಅಂತ ಗೊತ್ತೈತಲ್ಲ, ಯಾಕ ಕಾಡ್ತೀ?" ಎಂದ.

"ದೇವ್ರನ್ನ ಕೇಳ್ಕೊಂಡು ಬಂದೀನ್ರಿ," ಎಂದಳು ಅವ್ವ. "ಆತ ಕೊಡೋ ಹೊತ್ತಿಗೆ ಇವನ ಮಾತು ನಾವೇ ಆಡಿಬಿಟ್ರೆ ಹೆಂಗೆ?"

ಅಣ್ಣನ ತುಟಿ ಅಲುಗಿತು. ಅವನು ತಟ್ಟೆ ಮುಂದಕ್ಕೆ ಚಾಚಿದ, ಅಷ್ಟೆ. ಅವ್ವ ಅನ್ನ ಬಡಿಸಿದಳು. ಮರುದಿನವೂ ಕೇಳಿದಳು. ಸಾಯುವವರೆಗೂ ಹಾಗೇ ಕೇಳಿ, ಹಾಗೇ ಕಾದಳು.

ನಿನ್ನೆಯ ಹುಡುಗ ಅನ್ನದ ಬಕೆಟ್ ಹಿಡಿದು ನಿಂತೇ ಇದ್ದ. ಅವನ ಹಿಂದೆ ಸಾರಿನವನು ಅವಸರ ಮಾಡುತ್ತಿದ್ದ. ಅಣ್ಣ ನನ್ನ ಮುಖ ನೋಡಿದ.

ನಾನು ಬಾಯಿ ಬಿಡಲಿಲ್ಲ.