ಶಿಬಿರದಲ್ಲಿದ್ದಾಗ ಮನೆಯಲ್ಲಿ ಬಡಿದ ರೊಟ್ಟಿ

ದೆವ್ವ ಭೂತ ಎಂದರೆ ನಾನು ಎಂದೂ ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಮೊನ್ನೆ ನಮ್ಮ ಸಣ್ಣ ಮೊಮ್ಮಗಳು ಯಾವುದೋ ಆರೋಗ್ಯ ಶಿಬಿರಕ್ಕೆ ಹೆಸರು ಕೊಟ್ಟು ಬಂದು, "ಅಜ್ಜಿ, ಹಿಂದ ನೀ ಹೋಗಿದ್ದಿಯಲ್ಲ, ಅಲ್ಲಿ ಏನೇನ್ ಮಾಡಿಸ್ತಾರ?" ಎಂದು ಕೇಳಿದಳು. ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೆ ಬರೆದಿಡುತ್ತಿದ್ದೇನೆ.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ಅಗರಖೇಡದ ನಮ್ಮ ಮನೆಯಲ್ಲಿ ಆಗ ಅತ್ತೆ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಗಂಗವ್ವ ಎಲ್ಲರೂ ಇದ್ದೆವು. ನನಗೆ ತಲೆನೋವು, ಕಣ್ಣಿಗೆ ನಿದ್ದೆ ಇಲ್ಲ. ಗುಳಿಗೆ ನುಂಗಿ ಸಾಕಾಗಿತ್ತು. ನಿಮ್ಮ ಅಜ್ಜ ಬಸವನ ಬಾಗೇವಾಡಿ ಕಡೆ ಒಂದು ಶಾಲೆಯಲ್ಲಿ ನಡೆಯುವ ನಿಸರ್ಗ ಚಿಕಿತ್ಸೆಯ ಶಿಬಿರಕ್ಕೆ ನನ್ನ ಹೆಸರು ಹಚ್ಚಿದರು.

ಅತ್ತೆಗೆ ಇದು ಸರಿಬರಲಿಲ್ಲ. ಅವರಿಗೆ ಹಲ್ಲಿರಲಿಲ್ಲ, ಕಣ್ಣೂ ಮಂಜು. ನಾನು ಬಡಿದ ತೆಳ್ಳನೆಯ ರೊಟ್ಟಿ ಬಿಟ್ಟು ಬೇರೆಯವರದ್ದು ಮುಟ್ಟುತ್ತಿರಲಿಲ್ಲ. "ಮಲಗಾಕ ಅಷ್ಟು ದೂರ ಹೋಗಬೇಕೇನು? ಮನ್ಯಾಗ ಜಾಗಾ ಸಾಲವಲ್ದೇನು?" ಎಂದರು. ಡಬ್ಬಿಯಲ್ಲಿದ್ದ ಹಿಟ್ಟನ್ನೆಲ್ಲ ರೊಟ್ಟಿ ಮಾಡಿ, ಒಣಗಿಸಿ, ಸಾರಿನಲ್ಲಿ ನೆನೆಸಿ ಉಣ್ಣಲಿ ಎಂದು ಬುಟ್ಟಿಗೆ ಹಾಕಿಟ್ಟೆ. ಹೊರಡುವಾಗ ಅವರಿಗೆ ಹೇಳದೆಯೇ ಬಸ್ ಹತ್ತಿದೆ.

ಶಿಬಿರದಲ್ಲಿ ಚಹಾ ಇಲ್ಲ, ಅಡಿಗೆಯೂ ಇಲ್ಲ. ಲಿಂಬೆ ನೀರು, ಸೌತೆಕಾಯಿ, ಮೊಳಕೆ ಕಾಳು. ನಸುಕಿನಲ್ಲಿ ಬರಿಗಾಲಲ್ಲಿ ನಡೆಸುತ್ತಿದ್ದರು. ಬಿಸಿಲೇರಿದ ಮೇಲೆ ನಮ್ಮನ್ನು ಚಾಪೆಯ ಮೇಲೆ ಮಲಗಿಸಿ, ನೆನೆಸಿದ ಎರೆಮಣ್ಣನ್ನು ಹೊಟ್ಟೆಯ ಮೇಲೆ ಮೆತ್ತಿ, ಕಣ್ಣಿಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ನನ್ನ ಪಕ್ಕದಲ್ಲಿ ಸಿಂದಗಿಯ ಒಬ್ಬ ದಪ್ಪನೆಯ ಹೆಣ್ಣುಮಗಳು. "ಹೊಟ್ಟ್ಯಾಗ ರೊಟ್ಟಿ ಇಲ್ಲ, ಹೊಟ್ಟಿ ಮ್ಯಾಲ ಮಣ್ಣು. ಇದಕ್ಕ ಬಸ್ ಚಾರ್ಜ್ ಬ್ಯಾರೆ ಕೊಟ್ಟು ಬಂದೇವಿ ನೋಡವಾ," ಎಂದು ನಗಿಸಿದಳು. ಮರುದಿನದಿಂದ ಕಡೆಯವರೆಗೂ ಮೌನ. ಸನ್ನೆ ಮಾಡುವುದೂ ತಪ್ಪು.

ಎಲ್ಲರಿಗೂ ಹಗುರವಾಯಿತಂತೆ. ನನಗೆ ಮಾತ್ರ ಮಲಗುವುದೇ ಶಿಕ್ಷೆಯಾಯಿತು. ಮಣ್ಣು ಮೆತ್ತುವ ಹೊತ್ತು ಮನೆಯಲ್ಲಿ ನಾನು ಒಲೆಯ ಮುಂದೆ ಕೂಡುವ ಹೊತ್ತು. ಬುಟ್ಟಿಯ ರೊಟ್ಟಿ ತೀರಿರಬೇಕು, ಮುದುಕಿ ಉಪವಾಸ ಕೂತಿರಬೇಕು, ಕೈಕಾಲು ಗಟ್ಟಿ ಇರುವ ನಾನು ಇಲ್ಲಿ ಅಂಗಾತ ಮಲಗಿದ್ದೇನೆ. ಯಾರಿಗಾದರೂ ಹೇಳಿ ಊರಿಗೆ ಹೋಗಬೇಕೆಂದರೆ ಬಾಯಿ ತೆರೆಯುವಂತಿಲ್ಲ.

ಒಂದು ಮಧ್ಯಾಹ್ನ ಕಣ್ಣ ಮೇಲಿನ ಬಟ್ಟೆಯಡಿ ಕತ್ತಲಲ್ಲಿ ನಮ್ಮ ಒಲೆಯ ಹೊಗೆ ಮೂಗಿಗೆ ಬಂತು. ಹಿಟ್ಟಿನ ಬಿಸಿ ಅಂಗೈಗೆ ತಾಗಿತು. ಎದ್ದಾಗ ಎರಡೂ ಅಂಗೈ ಕೆಂಪಾಗಿ ಉರಿಯುತ್ತಿದ್ದವು. ಮೌನ ಬಿಟ್ಟ ದಿನ ಸಿಂದಗಿಯವಳು, "ಆವತ್ತು ನಿದ್ದ್ಯಾಗ ನೆಲಕ್ಕ ರೊಟ್ಟಿ ಬಡಿಯಾಕತ್ತಿದ್ದಿ. ಸಪ್ಪಳ ಕೇಳಿ ಕಣ್ಣ ಮ್ಯಾಲಿನ ಬಟ್ಟಿ ಸರಿಸಿ ನೋಡಿದೆ. ನಗು ತಡಕೊಂಡು ನನ್ನ ಹೊಟ್ಟಿ ಮ್ಯಾಲಿನ ಮಣ್ಣೆಲ್ಲಾ ಜಾರಿತು," ಎಂದಳು. ಇಷ್ಟೇ ಆಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ.

ಊರಿಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಆರಾಮಾಗಿಯೇ ಕೂತಿದ್ದರು. ಗಂಗವ್ವ ನನ್ನನ್ನು ಒಳಗೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು: "ನಿನ್ನ ರೊಟ್ಟಿ ತೀರಿದ ಮ್ಯಾಲ ಅತ್ತಿ ತುತ್ತು ಮುಟ್ಟಲಿಲ್ಲ ಯಕ್ಕಾ. ಹಿಟ್ಟು ಬೀಸಿಸಿ ತಂದಿಟ್ಟು ಹೊಲಕ್ಕ ಹೋದೆ. ಹೊಳ್ಳಿ ಬಂದ್ರ ಉಂಡು ಕೈ ತೊಳಕೊಂಡು ಕುಂತಾರ. ಬುಟ್ಟ್ಯಾಗ ಇದಿತ್ತು."

ಒಣಗಿದ ಒಂದು ರೊಟ್ಟಿಯನ್ನು ಕೈಗಿಟ್ಟಳು. ಸಣ್ಣವಳಿದ್ದಾಗ ಮುರಿದ ನನ್ನ ಕಿರುಬೆರಳು ಸೊಟ್ಟಗಿದೆ, ನೀವೆಲ್ಲ ನೋಡಿದ್ದೀರಿ. ಅದಕ್ಕೇ ನಾನು ಬಡಿದ ರೊಟ್ಟಿಯ ಅಂಚು ಒಂದು ಕಡೆ ಒಳಗೆ ಸರಿದಿರುತ್ತದೆ. ಇದರದ್ದೂ ಹಾಗೇ ಇತ್ತು. ಹಳೆಯದು ಒಂದು ಉಳಿದಿತ್ತೇನು ಎಂದು ಕೇಳಿದೆ. ಬುಟ್ಟಿ ಝಾಡಿಸಿ ಇಟ್ಟಿದ್ದೆ ಎಂದಳು. ಓಣಿಯಲ್ಲಿ ಕೇಳಿದರೆ ಆ ದಿನ ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಕರೆದರು. "ಆವತ್ತು ಬಂದು ರೊಟ್ಟಿ ಬಡದು ಕೊಟ್ಟಿ ಖರೆ, ಒಂದು ಮಾತೂ ಆಡಲಿಲ್ಲಲ್ಲ. ನಾ ಅಂದದ್ದು ತಪ್ಪಾತು, ಮನಸಿಗೆ ಹಚ್ಚಿಕೋಬ್ಯಾಡ ಅಂದೆ. ಆಗೂ ಸುಮ್ಮ ಹೋದಿ. ಇನ್ನೂ ಸಿಟ್ಟೈತೇನು?"

ನಾನು ಬಂದೇ ಇಲ್ಲ ಎನ್ನಬೇಕಾಗಿತ್ತು. ಅವರ ಮುಖ ನೋಡಿ ಆಗಲಿಲ್ಲ. "ಮೌನ ಹಿಡದಿದ್ದೆ ಅತ್ತಿ," ಎಂದೆ.

"ಹಂಗಂದ್ರ ಸಿಟ್ಟಿರಲಿಲ್ಲ," ಎಂದು ಅವರು ನಕ್ಕರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ಶಿಬಿರಕ್ಕೆ ಹೋಗುವ ನನ್ನ ಕೂಸೇ, ಅಲ್ಲಿ ಹೆದರುವಂಥದ್ದೇನೂ ಇಲ್ಲ. ನನಗೂ ತಲೆನೋವು ಕಡಿಮೆಯಾಯಿತು. ಆದರೆ ಹೊರಡುವ ಮುನ್ನ ಮನೆಯವರೊಡನೆ ಮಾತಾಡಿ ಹೋಗು. ಆವತ್ತು ನಮ್ಮ ಒಲೆಯ ಮುಂದೆ ಕೂತವಳು ಯಾರೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಅವಳಿಗೆ ಸಿಟ್ಟಿತ್ತೋ ಇಲ್ಲವೋ, ಅದೂ ತಿಳಿಯದು. ನನಗಂತೂ ಇತ್ತು.