ಐದು ಮನೆಯ ಜೋಳ

ಅಂಕಾರಾಕ್ಕೆ ಬಂದ ಮೊದಲ ವಾರವೇ ನನ್ನ ಇಲಾಖೆಯ ಪ್ರೊಫೆಸರರು ಊಟಕ್ಕೆ ಕರೆದರು. ಬಾಗಿಲಲ್ಲೇ ತಬ್ಬಿಕೊಂಡು, “ನಮ್ಮ ಹುಸೇನ್ ಬೇ ಬಂದರು, ಅಲ್ಲಾಹನಿಗೆ ಶುಕ್ರಿಯಾ” ಎಂದವರು ಅದೇ ಉಸಿರಿನಲ್ಲಿ ಒಂದು ಗ್ಲಾಸು ಸೆರೆ ತಂದು ಮುಂದಿಟ್ಟರು. ರಾಕಿ ಅನ್ನುತ್ತಾರೆ, ಸೋಂಪಿನ ವಾಸನೆ, ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಬಾಂಗು ಕೇಳಿಸಿತು. ಎಲ್ಲರೂ ಗ್ಲಾಸು ಕೆಳಗಿಟ್ಟರು, ಪ್ರೊಫೆಸರರ ಹೆಂಡತಿ ರೇಡಿಯೋ ಸಣ್ಣದು ಮಾಡಿದರು. ಬಾಂಗು ಮುಗಿಯಿತು, ರೇಡಿಯೋ ದೊಡ್ಡದಾಯಿತು, ಗ್ಲಾಸುಗಳು ಮತ್ತೆ ಮೇಲೆದ್ದವು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ.

ಕುಡಿಯುವುದಿಲ್ಲ ಎಂದೆ. ಮಾಂಸವನ್ನೂ ತಿನ್ನುವುದಿಲ್ಲ ಎಂದೆ. ತಮ್ಮ ಮನೆಯ ಮಾಂಸ ಹಲಾಲಿನದಲ್ಲವೆಂಬ ಅನುಮಾನ ನನಗಿದೆ ಎಂದುಕೊಂಡು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಕಟ್ಟಾ ಮುಸಲ್ಮಾನನನ್ನು ಅವರು ಹುಟ್ಟಿದಾರಭ್ಯ ಕಂಡಿರಲಿಲ್ಲವಂತೆ.

ನಾನೋ ಇಂಡಿ ತಾಲೂಕಿನ ತಾಂಬಾದವನು, ಒಕ್ಕಲುತನದ ಮನೆಯವನು, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಹೆಸರು ಹುಸೇನಪ್ಪ. ನಮ್ಮ ಕಡೆಯವರಿಗೆ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಹೋದರೂ ಒಬ್ಬ ಹುಸೇನಪ್ಪ, ಇಬ್ಬರು ಫಕೀರಪ್ಪ ಸಿಕ್ಕೇ ಸಿಗುತ್ತಾರೆ. ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವ್ವ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು. ಈ ಕೂಸು ಉಳಿದರೆ ಹುಸೇನನ ಹೆಸರಿಡುತ್ತೇನೆ, ಬದುಕಿರುವ ತನಕ ಅವನು ಪ್ರತಿ ಮೊಹರಮ್ಮಿಗೆ ಫಕೀರನಾಗಿ ಐದು ಮನೆ ಬೇಡುತ್ತಾನೆ ಎಂದು. ನಾನು ಉಳಿದೆ. ಅಂದಿನಿಂದ ವರ್ಷಕ್ಕೊಮ್ಮೆ ಕೊರಳಿಗೆ ಲಾಡಿ ಎಂಬ ಕೆಂಪು ನೂಲು, ಹೆಗಲಿಗೆ ಜೋಳಿಗೆ, “ಯಾ ಹುಸೇನ್” ಎಂದು ಕೂಗುತ್ತ ಐದು ಬಾಗಿಲು. ಧಾರವಾಡದಲ್ಲಿ ಕೃಷಿ ಕಾಲೇಜು ಓದುವಾಗಲೂ ತಪ್ಪಿಸಿರಲಿಲ್ಲ.

ಒಂದು ವಿಶ್ವವಿದ್ಯಾಲಯದ ಒಣಬೇಸಾಯ ಕೇಂದ್ರದಲ್ಲಿ ಕೆಲಸ ಸಿಕ್ಕಿ ತುರ್ಕಿ ದೇಶಕ್ಕೆ ಹೊರಟಾಗ, ಅವ್ವ ರೈಲು ಹತ್ತಿಸಲು ಬಂದು ಆ ಲಾಡಿಯನ್ನು ನನ್ನ ಅಂಗಿಯ ಕಿಸೆಗೆ ತುರುಕಿದಳು.

“ಎಲ್ಲೆರ ಇರು, ತಮ್ಮಾ, ಐದು ಮನಿ ತಪ್ಪಸಬ್ಯಾಡ. ಅಲ್ಲಿ ಎಲ್ಲಾ ಸಾಬರ ಮಂದೀನಽ ಅದಾರಂತಲ್ಲ, ನನಗೇನು ಚಿಂತಿ ಇಲ್ಲ.”

ನನಗೂ ಇರಲಿಲ್ಲ. ಮುಸಲ್ಮಾನರ ನಾಡಿನಲ್ಲಿ ಮೊಹರಮ್ಮಿಗೆ ಏನು ಕೊರತೆ? ನಮ್ಮ ಊರಿಗಿಂತ ದೊಡ್ಡ ಬೆಂಕಿಯ ಅಲಾಯಿ ಕುಣಿ, ನಮ್ಮ ಊರಿಗಿಂತ ಜೋರು ಹಲಗೆ ಎಂದುಕೊಂಡೇ ಬಂದಿದ್ದೆ.

ನಮ್ಮ ಮನೆ ಮೂರು ಮಹಡಿಯ ಕಟ್ಟಡದಲ್ಲಿ, ಮಹಡಿಗೆ ಎರಡು ಮನೆ. ಕೆರವು ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಅದನ್ನು ಕಂಡು ನನ್ನ ಹೆಂಡತಿ ಕಸ್ತೂರಿಗೆ ಅರ್ಧ ಜೀವ ಬಂತು. ಗೊಳಸಂಗಿಯವಳು ಅವಳು, ಮಡಿ-ಮೈಲಿಗೆಯಲ್ಲಿ ಬಲು ಬಿಗಿ. ಭಾಷೆ ಕೂಡ ನಾವು ಹೆದರಿದಷ್ಟು ಬಿರುಸಾಗಿರಲಿಲ್ಲ. ಹವಾ, ದುಕಾನು, ಸಾಬೂನು, ಖಬರು, ಇವೆಲ್ಲ ಸ್ವಲ್ಪ ಸೊಟ್ಟ ಬಾಯಿ ಮಾಡಿ ಹೇಳಿದರೆ ಅಲ್ಲೂ ನಡೆಯುತ್ತವೆ. ಮಜ್ಜಿಗೆಗೆ ಆಯ್ರಾನ್ ಅನ್ನುತ್ತಾರೆ. ಗೋಧಿ ನುಚ್ಚು ಸಿಗುತ್ತದೆ, ಬದನೆಕಾಯಿ ರಾಶಿ ರಾಶಿ ಸಿಗುತ್ತದೆ. ಜೋಳದ ರೊಟ್ಟಿ ಒಂದಿಲ್ಲ. ಚಳಿಗಾಲದಲ್ಲಿ ಹೊರಗೆ ಹಿಮ, ಊರ ತುಂಬ ಕಲ್ಲಿದ್ದಲ ಹೊಗೆ. ಅದೇ ಹೊತ್ತಿಗೆ ತಾಂಬಾದಲ್ಲಿ ಜೋಳ ತೆನೆ ಕಟ್ಟಿ ಹೊಲದಲ್ಲಿ ಎಳೆ ತೆನೆಯ ಸೀತನಿ ಸುಡುತ್ತಿರುತ್ತಾರೆ ಎಂದು ಕಸ್ತೂರಿಗೆ ಹೇಳುತ್ತ ಕೂರುತ್ತಿದ್ದೆ.

ಆದರೆ ನಿಜವಾಗಿ ಅಚ್ಚರಿ ಹುಟ್ಟಿಸಿದ್ದು ಆ ಜನ ದೇವರನ್ನು ಇಟ್ಟುಕೊಂಡ ರೀತಿ. ಶುಕ್ರವಾರ ಮಧ್ಯಾಹ್ನ ನನ್ನ ಜೊತೆಯ ಕೆಲಸಗಾರರಲ್ಲಿ ಕೆಲವರು ಮಸೀದಿಗೆ ಹೋಗುತ್ತಾರೆ. ಮೆಟ್ಟಿಲು ಮುಟ್ಟಿದ ಮೇಲೆ ಕೋಟಿನ ಕಿಸೆಯಿಂದ ಮಡಿಚಿದ ಬಿಳಿ ಟೋಪಿ ತೆಗೆದು ಹಾಕಿಕೊಳ್ಳುತ್ತಾರೆ. ನಮಾಜು ಮುಗಿಸಿ ಮೆಟ್ಟಿಲಿಳಿಯುವಾಗ ಟೋಪಿ ಮತ್ತೆ ಕಿಸೆಯೊಳಗೆ. ಕಚೇರಿಯಲ್ಲಿ ನಮಾಜಿನ ಮಾತಿಲ್ಲ, ಬೀದಿಯಲ್ಲಿ ಮೆರವಣಿಗೆಯಿಲ್ಲ. ಫಕೀರರ ಮಠಗಳನ್ನು ಸರಕಾರ ಎಂದೋ ಮುಚ್ಚಿಸಿದೆ. ಆ ವೇಷ ಹಾಕಿ ಬೀದಿಗೆ ಬರುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ದೇವರು ಬೀದಿಗೆ ಬರದಿದ್ದರೆ ಅದು ಹಬ್ಬವೇ ಅಲ್ಲ. ಹಿಂದೂ ಇರಲಿ ಮುಸಲ್ಮಾನ ಇರಲಿ, ಹಲಗೆ ಬಡಿಯಬೇಕು, ಓಣಿಯೆಲ್ಲ ನೆರೆಯಬೇಕು. ಮೊದಮೊದಲು ಈ ಜನಕ್ಕೆ ಭಕ್ತಿಯೇ ಇಲ್ಲವೆಂದು ನಾನು ಬಗೆದಿದ್ದೆ.

ಎದುರು ಬಾಗಿಲಿನ ನೆರ್ಮಿನ್ ಹಾನಿಮ್ ನಿವೃತ್ತ ಶಾಲಾ ಶಿಕ್ಷಕಿ. ಗಂಡಸರಿಗೆ ಬೇ ಅನ್ನುವ ಹಾಗೆ ಹೆಂಗಸರಿಗೆ ಹಾನಿಮ್, ನಮ್ಮ ಕಡೆಯ ಬಾಯಿಯವರು, ಬಾಯಾರು ಇದ್ದ ಹಾಗೆ, ಮರ್ಯಾದೆಯ ಮಾತು. ಬರಿದಲೆ, ಗುಂಗುರು ಕೂದಲು, ಬಾಯಲ್ಲಿ ಸಿಗರೇಟು, ಗೋಡೆಯ ಮೇಲೆ ದೇಶ ಕಟ್ಟಿದ ನಾಯಕರ ಚಿತ್ರ. ಕುಡಿಯದ, ಮಾಂಸ ಮುಟ್ಟದ ಹುಸೇನ್ ಎಂಬುವನು ಎದುರು ಮನೆಗೆ ಬಂದಿದ್ದಾನೆಂದು ಕೇಳಿ, ಯಾವನೋ ಮತಾಂಧ ಗಂಟುಬಿದ್ದ ಎಂದು ಮೂರು ತಿಂಗಳು ಮುಖ ಕೊಟ್ಟು ಮಾತಾಡಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ದಿನ ಮೆಟ್ಟಿಲ ಮೇಲೆ ಕಸ್ತೂರಿಯ ಕುಂಕುಮ ಕಂಡು, “ಹಣೆಗೆ ಪೆಟ್ಟಾಗಿದೆಯೇ?” ಎಂದು ಗಾಬರಿಯಿಂದ ಕೇಳಿದರು. ಅಲ್ಲಿಂದ ನಮ್ಮ ಕಥೆಯೆಲ್ಲ ಹೊರಬಿತ್ತು, ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವರ ಮನೆಯ ಚಹಾ ನಮ್ಮದಾಯಿತು. ಹಿಂದಿನ ಕೋಣೆಯಲ್ಲಿ ಬಿಳಿ ವಸ್ತ್ರ ತಲೆಗೆ ಸುತ್ತಿದ ಅವರ ತಾಯಿ ಜಪಮಣಿ ಎಣಿಸುತ್ತ ಕೂತಿರುತ್ತಿದ್ದರು. ಎಲ್ಲರೂ ಅವರನ್ನು ನಿನೆ, ಅಂದರೆ ಅಜ್ಜಿ, ಎನ್ನುತ್ತಿದ್ದರು.

ನಾವು ಬಂದ ಮೇಲಿನ ಮೊದಲ ಮೊಹರಂ ಕಡು ಚಳಿಯಲ್ಲಿ ಬಂತು. ಕಸ್ತೂರಿ ಬಸುರಿ. ದಿನ ಹತ್ತಿರ ಬಂದಂತೆ ಅವಳ ಮುಖ ಇಳಿಯತೊಡಗಿತು.

“ಅತ್ತಿ ಹರಕಿ ನಿಮ್ಮ ಜೀವದ್ದು ಐತ್ರಿ,” ಎಂದಳು. “ಈ ವರ್ಷ ತಪ್ಪಿದ್ರ ಅದು ಕೂಸಿನ ಮ್ಯಾಲೆ ಬರೂದಿಲ್ಲೇನು?”

“ಹಂಗೆಲ್ಲಾ ಏನಿಲ್ಲ ಬಿಡು,” ಎಂದೆ. ಮಣ್ಣಿನ ತೇವ ಅಳೆಯುವ ವಿದ್ಯೆ ಕಲಿತವನು ನಾನು, ಹರಕೆಗೆ ಹೆದರುವುದೇ ಎಂದು ನಾಚಿಕೆ. ಹೆದರಿಕೆ ಮಾತ್ರ ನಾಚಿಕೆಗಿಂತ ದೊಡ್ಡದಿತ್ತು.

ಕಡೆಗೆ ನೆರ್ಮಿನ್ ಹಾನಿಮ್ ಅವರನ್ನೇ ಕೇಳಿದೆ. ನಮ್ಮ ಕಟ್ಟಡದ ಐದು ಮನೆಗಳ ಮುಂದೆ ಜೋಳಿಗೆ ಹಿಡಿದು ನಿಂತರೆ ಯಾರಾದರೂ ಏನಾದರೂ ಅಂದಾರೆಯೇ?

ಅವರು ಸಿಗರೇಟು ಕೆಳಗಿಟ್ಟರು. “ಭಿಕ್ಷೆ ಬೇಡುವುದೇ? ವಿಜ್ಞಾನ ಓದಿದವರು ನೀವು! ಆಯಿಪ್, ಹುಸೇನ್ ಬೇ, ಆಯಿಪ್!” ನಮ್ಮ ಐಬು ಎಂಬ ಮಾತೇ ಅದು, ಅಲ್ಲಿ ಅದಕ್ಕೆ ಮಾನಗೇಡು ಎಂದರ್ಥ. “ಫಕೀರರನ್ನು ಬೀದಿಯಿಂದ ಎಬ್ಬಿಸಲು ಈ ದೇಶ ಎಷ್ಟು ಕಷ್ಟಪಟ್ಟಿದೆ ಗೊತ್ತೇ? ನಂಬಿಕೆ ಇದ್ದರೆ ಎದೆಯೊಳಗೆ ಇಟ್ಟುಕೊಳ್ಳಿ. ಮೆಟ್ಟಿಲ ಮೇಲೆ ತರಬೇಡಿ.”

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ಆದರೂ ಮೊಹರಮ್ಮಿನ ಹತ್ತನೆಯ ದಿನ ಬೆಳಿಗ್ಗೆ ಲಾಡಿಯನ್ನು ಕೋಟಿನ ಒಳಗೆ ಕಟ್ಟಿಕೊಂಡು ಕೆಳಗಿನ ಮಹಡಿಗೆ ಇಳಿದೆ. ಅಲ್ಲಿಯ ಬಾಗಿಲ ಮುಂದೆ ನಿಂತೆ. ಕೈ ಗಂಟೆಯ ಗುಂಡಿಯ ತನಕ ಹೋಯಿತು, ಹಿಂದಕ್ಕೆ ಬಂತು. ಮತ್ತೊಮ್ಮೆ ಹೋಯಿತು, ಮತ್ತೆ ಬಂತು. ಬಾಯಿಂದ “ಯಾ ಹುಸೇನ್” ಎಂಬುದು ಹೊರಡಲೇ ಇಲ್ಲ. ಮೇಲೆ ಬಂದು ಅಡುಗೆಮನೆಯಲ್ಲಿ ಕೂತೆ. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರು ಬಿಟ್ಟು ಬಂದದ್ದು ತಪ್ಪಾಯಿತು ಎಂದು ಆವತ್ತೊಂದು ದಿನ ಮನಸಾರೆ ಅನ್ನಿಸಿತು.

ಮಧ್ಯಾಹ್ನ ಬಾಗಿಲ ಗಂಟೆ ಸದ್ದು ಮಾಡಿತು. ಅದೇ ಕೆಳಗಿನ ಮನೆಯ ಹೆಂಗಸು, ಕೈಯಲ್ಲಿ ಮುಚ್ಚಿದ ಬಟ್ಟಲು. “ಅಶುರೆ,” ಎಂದು ಕೊಟ್ಟು ಹೋದಳು. ತೆರೆದು ನೋಡಿದರೆ ಗೋಧಿ, ಕಡಲೆ, ಅವರೆಯಂಥ ಕಾಳು, ಒಣದ್ರಾಕ್ಷಿ, ಎಲ್ಲ ಸೇರಿಸಿ ಕುದಿಸಿದ ಸಿಹಿ ಪಾಯಸ. ಅರ್ಧ ತಾಸಿಗೆ ಇನ್ನೊಂದು ಬಟ್ಟಲು, ಆಮೇಲೆ ಮತ್ತೊಂದು. ನೂಹ ಪ್ರವಾದಿಯ ಹಡಗು ದಡ ಮುಟ್ಟಿದ ದಿನವಂತೆ ಅದು. ಉಳಿದಿದ್ದ ಕಾಳನ್ನೆಲ್ಲ ಒಂದೇ ಗಡಿಗೆಗೆ ಹಾಕಿ ಬೇಯಿಸಿ ಎಲ್ಲರೂ ಉಂಡರಂತೆ. ಅದಕ್ಕೇ ಆ ತಿಂಗಳು ಮನೆಮನೆಯಲ್ಲಿ ಬೇಯಿಸಿ ನೆರೆಮನೆಗೆ ಹಂಚುತ್ತಾರೆ. ಹಲಗೆಯಿಲ್ಲ, ಹಸ್ತದ ಆಕಾರದ ಅಲಾಯಿ ಪಂಜಾ ಇಲ್ಲ, ಬಾಗಿಲಿಂದ ಬಾಗಿಲಿಗೆ ಬಟ್ಟಲು ಮಾತ್ರ ನಡೆದಾಡುತ್ತದೆ.

ಸಂಜೆಯ ಹೊತ್ತಿಗೆ ನಾಲ್ಕು ಬಟ್ಟಲು ಸಾಲಾಗಿ ಕೂತಿದ್ದವು. ಕಸ್ತೂರಿ ಅವನ್ನು ನೋಡಿದಳು, ನನ್ನನ್ನು ನೋಡಿದಳು.

“ಇನ್ನೊಂದು ಮನಿ ಬಾಕಿ ಉಳೀತು,” ಎಂದಳು.

“ಎದುರು ಮನೀದ್ದು. ಆಕಿ ಕೊಡೂದಿಲ್ಲ ಬಿಡು. ಆಕೀಗಿ ಇದೆಲ್ಲಾ ಆಗಿಬರೂದಿಲ್ಲ.”

ಮಾತು ಮುಗಿಯುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ನೆರ್ಮಿನ್ ಹಾನಿಮ್ ಬಟ್ಟಲು ಹಿಡಿದು, ಯಾರಿಂದಲೋ ಬೈಸಿಕೊಂಡವರಂತೆ ಮುಖ ಮಾಡಿಕೊಂಡು ನಿಂತಿದ್ದರು. “ತಪ್ಪು ತಿಳಿಯಬೇಡಿ,” ಎಂದರು. “ಇದು ಧರ್ಮವೇನಲ್ಲ. ಬರೀ ರೂಢಿ. ಅಮ್ಮ ಬೇಯಿಸಿದಳು, ನಾನು ತಿರುವಿದೆ.” ಕಸ್ತೂರಿ ಬಟ್ಟಲು ಇಸಿದುಕೊಂಡವಳೇ ಅವರ ಕೊರಳಿಗೆ ಜೋತುಬಿದ್ದು ಗಳಗಳ ಅತ್ತಳು. ಶಿಕ್ಷಕಿಗೆ ಏನೂ ತಿಳಿಯಲಿಲ್ಲ. ಬಸುರಿ ಹೆಣ್ಣು, ಹಾಗೇ ಇರುತ್ತದೆ ಎಂದು ಬೆನ್ನು ಸವರಿದರು. ಬರಿದು ಭಾಂಡೆ ಹಿಂದೆ ಕೊಡಬಾರದೆಂಬ ಪದ್ಧತಿ ನಮ್ಮಂತೆ ಅವರಲ್ಲೂ ಇದೆ. ಮರುದಿನ ಐದೂ ಬಟ್ಟಲು ಕಸ್ತೂರಿ ಮಾಡಿದ ಗೋಧಿ-ಬೆಲ್ಲದ ಮಾದಲಿ ತುಂಬಿಕೊಂಡು ತಮ್ಮ ತಮ್ಮ ಮನೆಗೆ ಹೋದವು.

ವಸಂತದಲ್ಲಿ ಮಗಳು ಹುಟ್ಟಿದಳು, ಗುಂಡುಗುಂಡಗೆ. ಮುಂದಿನ ಮೊಹರಮ್ಮಿಗೆ ರಜೆ ಹಾಕಿ ಕೂಸನ್ನು ತಾಂಬಾಕ್ಕೆ ಕರೆದೊಯ್ದೆವು. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲು ಕೇಳಿದ್ದು ಅದನ್ನೇ.

“ಹೋದ ವರ್ಷ ಬೇಡಿದ್ಯಾ?”

“ಬೇಡಲಿಲ್ಲವ್ವಾ. ಅವರಽ ತಂದು ಕೊಟ್ರು. ಐದೂ ಮನಿಯಾವ್ರು.”

ಅವ್ವ ಕೂಸಿನ ಕಾಲು ನೀವಿದಳು. “ಹಂಗಾರ ಅದು ಭಿಕ್ಷಾ ಅಲ್ಲ, ತಮ್ಮಾ. ಬೇಡಿದಾಂವಗ ಹಾಕೂದು ಭಿಕ್ಷಾ. ಬೇಡದಽ ಮನೀಗಿ ತಂದು ಕೊಡೂದು ಓಣ್ಯಾನವರಿಗಿ. ನೀ ಅಲ್ಲಿ ಫಕೀರ ಆಗಲಿಲ್ಲ, ಓಣ್ಯಾನಾಂವ ಆದಿ.”

“ಮತ್ತ ಹರಕಿ?”

“ಅದು ಹಂಗಽ ಐತಿ. ಹೋದ ವರ್ಷದ್ದೂ ಸೇರಿಸಿ ಅವಽ ಐದು ಮನಿ ಎರಡು ಸರ್ತಿ ಬೇಡು, ನಡಿ.”

ಹೀಗೆ ಪರದೇಶದಲ್ಲಿ ಓಣಿಯವನಾದವನು ಹುಟ್ಟಿದ ಊರಿನಲ್ಲಿ ಜೋಳಿಗೆ ಹಿಡಿದೆ. ಮೊದಲ ಬಾಗಿಲು ಅಲಾಯಿ ದೇವರನ್ನು ಕೂಡಿಸುವ ಮುಲ್ಲಾ ಲಾಲಸಾಬ ಕಾಕಾನದು. ನಾನು ಸುಮ್ಮನೆ ನಿಂತಿದ್ದೆ, ಅಂಕಾರಾದ ಮೆಟ್ಟಿಲ ಮೇಲೆ ನಿಂತ ಹಾಗೆ. ಕಾಕಾ ಒಳಗಿನಿಂದ ಗದರಿದ. “ಯಾಕಪಾ, ಬಾಯಾಗ ಏನ್ ಇಟಗೊಂಡಿ? ಕೂಗು! ಕೂಗದಿದ್ರ ದೇವರಿಗರ ಹೆಂಗ ತಿಳೀಬೇಕು?” ಎರಡು ಸಲ ಗಂಟಲು ಸರಿಮಾಡಿಕೊಂಡ ಮೇಲೆ ಕೂಗು ಬಂತು. ಬಂದ ಮೇಲೆ ಓಣಿ ತುಂಬ ಕೇಳಿಸಿತು.

ಹೊರಡುವ ದಿನ ಅವ್ವ ಆ ಐದು ಮನೆಯವರು ಜೋಳಿಗೆಗೆ ಹಾಕಿದ ಬಿಳಿಜೋಳದಲ್ಲಿ ಒಂದಿಷ್ಟು ಗಂಟು ಕಟ್ಟಿದಳು. “ಆ ಎದುರು ಮನಿ ಬಾಯಾರಿಗಿ ಕೊಡು. ಅಷ್ಟು ಮಾಡ್ಯಾರ, ಬರೇ ಕೈಲೆ ಹ್ಯಾಂಗ ಹೋಗ್ತಿ?”

ಅಂಕಾರಾಕ್ಕೆ ಮುಟ್ಟಿದಾಗ ಮೊಹರಂ ತಿಂಗಳು ಇನ್ನೂ ಮುಗಿದಿರಲಿಲ್ಲ. ಎದುರು ಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆ. “ನಿಮ್ಮ ಸಲುವಾಗಿ ಈ ವರ್ಷ ತಡ ಮಾಡಿದ್ದಾಳೆ,” ಎಂದು ನೆರ್ಮಿನ್ ಹಾನಿಮ್ ತಾಯಿಯ ಮೇಲೆ ದೂರಿದರು. ನಿನೆ ಗಂಟು ಬಿಚ್ಚಿ ಜೋಳವನ್ನು ಅಂಗೈಯಲ್ಲಿ ಹಾಕಿ ಮೂಸಿ ನೋಡಿದರು, ಇದೂ ಅಶುರೆಗೆ ಬೀಳಲಿ ಎಂದರು. ಜೋಳ ಬೇರೆ ಒಲೆಯ ಮೇಲೆ ಬೇಯುತ್ತಿರುವಾಗ ಶಿಕ್ಷಕಿ ನನ್ನನ್ನು ಓರೆಗಣ್ಣಿನಿಂದ ನೋಡಿದರು.

“ಹುಸೇನ್ ಬೇ, ಇದರ ಹಿಂದೆ ಧರ್ಮದ ಗೊಡವೆ ಏನೂ ಇಲ್ಲ ತಾನೇ?”

ಅಂಗಿಯ ಒಳಗೆ ಲಾಡಿ ಇನ್ನೂ ಇತ್ತು. “ಇಲ್ಲ ಹಾನಿಮ್,” ಎಂದೆ, “ಬರೀ ರೂಢಿ.”

ಅವರು ನಕ್ಕರು, ನಂಬಿ ನಕ್ಕರೋ ನಂಬದೆ ನಕ್ಕರೋ ಹೇಳಲಾರೆ. ಅಶುರೆ ಆದ ಮೇಲೆ ಬಟ್ಟಲು ತುಂಬಿ ಹರಿವಾಣದಲ್ಲಿಟ್ಟು, ತಮಗೆ ಮಂಡಿನೋವು, ಹಂಚಿ ಬನ್ನಿ ಎಂದು ನನ್ನ ಕೈಗೆ ಕೊಟ್ಟರು. ಕೆಳಗಿನ ಮಹಡಿಗೆ ಇಳಿದು ಅದೇ ಬಾಗಿಲ ಮುಂದೆ ನಿಂತೆ. ತಾಂಬಾದ ಐದು ಮನೆಯ ಜೋಳ ನನ್ನ ಕೈಯಲ್ಲಿ ಹಬೆಯಾಡುತ್ತಿತ್ತು. ಈ ಸಲ ಕೈ ಹಿಂದಕ್ಕೆ ಬರಲಿಲ್ಲ. ಗಂಟೆ ಒತ್ತಿದೆ, ಬಾಗಿಲು ತೆರೆಯುವ ಮುಂಚೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, “ಯಾ ಹುಸೇನ್” ಎಂದೆ.